ಏದುಸಿರಿಗೆ ಅಂಕೆ: ಕಾಸರಗೋಡಿನ ಒಂದು ಶ್ವಾಸಕೋಶ ಪುನಶ್ಚೇತನ ಕೇಂದ್ರದಲ್ಲಿ ಎಂಟು ವಾರ

ನನ್ನ ಅಮ್ಮನಿಗೆ ಈಗ 66 ವರ್ಷ. ಬೀಡಿ, ಸಿಗರೇಟು ಅವರು ಮುಟ್ಟಿದವರಲ್ಲ. ಆದರೆ ಮದುವೆಯಾಗಿ ಬದಿಯಡ್ಕದ ಹತ್ತಿರದ ಈ ಮನೆಗೆ ಬಂದಂದಿನಿಂದ ಸುಮಾರು 40 ವರ್ಷ ಅಡುಗೆಮನೆಯ ಕಟ್ಟಿಗೆ ಒಲೆಯ ಮುಂದೆಯೂ ಬಚ್ಚಲಿನ ಹಂಡೆಯ ಒಲೆಯ ಮುಂದೆಯೂ ಕುಳಿತವರು. ಮಳೆಗಾಲದಲ್ಲಿ ಒದ್ದೆ ಮಡಲು, ಹಸಿ ಕಟ್ಟಿಗೆ, ತೆಂಗಿನ ಸಿಪ್ಪೆ ಉರಿಯಲೊಲ್ಲದೆ ಹೊಗೆಯಾಡುವಾಗ ಕಣ್ಣೊರೆಸಿಕೊಂಡು ಊದುಗೊಳವೆ ಊದಿದವರು. ನಾಲ್ಕು ವರ್ಷಗಳ ಹಿಂದೆ ಸ್ಪೈರೋಮೆಟ್ರಿ, ಎಂದರೆ ಕೊಳವೆಯಲ್ಲಿ ಊದಿಸಿ ಉಸಿರನ್ನು ಅಳೆಯುವ ಪರೀಕ್ಷೆ, ಮಾಡಿಸಿದಾಗ ಸಿಒಪಿಡಿ ಎಂದು ತಿಳಿಯಿತು. ಶ್ವಾಸನಾಳಗಳು ಕಿರಿದಾಗಿ, ಒಳಗೆ ಹೋದ ಗಾಳಿ ಸಲೀಸಾಗಿ ಹೊರಗೆ ಬಾರದಂತಾಗುವ, ಪೂರ್ತಿಯಾಗಿ ವಾಸಿಯಾಗದ ಕಾಯಿಲೆ ಇದು. ಮೊದಲ ಒಂದು ಸೆಕೆಂಡಿನಲ್ಲಿ ಊದಿ ಹೊರಹಾಕಬಲ್ಲ ಗಾಳಿಯ ಪ್ರಮಾಣ ಅವರ ವಯಸ್ಸಿಗೂ ಎತ್ತರಕ್ಕೂ ಇರಬೇಕಾದುದರ ಶೇಕಡಾ 44ರಷ್ಟು ಮಾತ್ರ ಇತ್ತು. ಈ ಅಂಕಿ 30ರಿಂದ 49ರ ಒಳಗಿದ್ದರೆ ಅದನ್ನು ತೀವ್ರ ಹಂತವೆಂದು ಲೆಕ್ಕ ಹಿಡಿಯುತ್ತಾರೆ.

ಮೊದಲು ತೋರಿಸಿದ ಆಸ್ಪತ್ರೆಯಲ್ಲಿ ಇನ್‌ಹೇಲರ್ ಬರೆದುಕೊಟ್ಟು, ಆಯಾಸವಾಗುವ ಕೆಲಸ ಮಾಡಬೇಡಿ, ವಿಶ್ರಾಂತಿ ತೆಗೆದುಕೊಳ್ಳಿ ಎಂದರು. ನಾವೂ ಅದನ್ನೇ ಪಾಲಿಸಿದೆವು. ಅಮ್ಮ ತೋಟಕ್ಕಿಳಿಯುವುದು ನಿಂತಿತು, ಬಾವಿಕಟ್ಟೆಗೆ ಹೋಗುವುದು ನಿಂತಿತು, ಶನಿವಾರದ ಭಜನೆಗೆ ಮಂದಿರಕ್ಕೆ ಹೋಗುವುದೂ ನಿಂತಿತು. ಮೂರು ವರ್ಷ ಕಳೆಯುವಷ್ಟರಲ್ಲಿ ಜಗಲಿಯಿಂದ ಬಚ್ಚಲಿಗೆ ಹೋಗಿ ಬಂದರೆ ಮಂಚದ ಅಂಚು ಹಿಡಿದು ಕೂರುವ ಸ್ಥಿತಿ ಬಂದಿತ್ತು. ಕಾಯಿಲೆ ಬೆಳೆದಿದೆ ಎಂದು ನಾವು ತಿಳಿದೆವು. ಬೆಳೆದದ್ದು ಕಾಯಿಲೆಯೊಂದೇ ಅಲ್ಲ, ಕಾಲಿನ ಸ್ನಾಯುಗಳು ಸೊರಗಿದ್ದೂ ಅದರಷ್ಟೇ ದೊಡ್ಡ ಕಾರಣ ಎಂಬುದು ಗೊತ್ತಾದದ್ದು ಕಳೆದ ಜನವರಿಯಲ್ಲಿ, ಕಾಸರಗೋಡು ಪೇಟೆಯ ಒಂದು ಖಾಸಗಿ ಶ್ವಾಸಕೋಶ ಪುನಶ್ಚೇತನ ಕೇಂದ್ರಕ್ಕೆ ಹೋದ ಮೇಲೆ. ಆ ಕೇಂದ್ರದ ಎಂಟು ವಾರಗಳ ವ್ಯಾಯಾಮ ತರಬೇತಿಯನ್ನು ಕುರಿತು ಇಲ್ಲಿ ಬರೆಯುತ್ತಿದ್ದೇನೆ. ಅದರ ಕೊರತೆಗಳನ್ನೂ ಹೇಳಬೇಕಾಗಿರುವುದರಿಂದ ಹೆಸರನ್ನು ಬರೆಯುತ್ತಿಲ್ಲ. ಇಂಥ ಯಾವ ಕೇಂದ್ರಕ್ಕೆ ಹೋದರೂ ಏನನ್ನು ಗಮನಿಸಬೇಕು, ಏನನ್ನು ಕೇಳಿ ಪಡೆಯಬೇಕು ಎಂಬುದು ಹೆಸರಿಗಿಂತ ಉಪಯೋಗಕ್ಕೆ ಬರುತ್ತದೆ ಎಂದು ನನ್ನ ನಂಬಿಕೆ.

ನಮ್ಮ ಕಡೆಯವರು ಎದೆಯ ಕಾಯಿಲೆ ಎಂದೊಡನೆ ಮಂಗಳೂರಿನ ಬಸ್ಸು ಹತ್ತುವವರು. 2020ರ ಮಾರ್ಚ್ ತಿಂಗಳಲ್ಲಿ ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿದಾಗ ಆ ಅವಲಂಬನೆ ಎಷ್ಟು ಅಪಾಯದ್ದು ಎಂಬುದು ಎಲ್ಲರಿಗೂ ಮನದಟ್ಟಾಯಿತು. ವರ್ಷಕ್ಕೆ ಎರಡು ಬಾರಿ ತಜ್ಞರನ್ನು ಕಾಣುವುದಕ್ಕೆ ಮಂಗಳೂರಿಗೆ ಹೋಗಬಹುದು. ವಾರಕ್ಕೆ ಮೂರು ದಿನದಂತೆ ಎಂಟು ವಾರ ಹೋಗಬೇಕಾದ ಚಿಕಿತ್ಸೆಗೆ ದೂರವೇ ಮೊದಲ ಶತ್ರು. ಬದಿಯಡ್ಕದಿಂದ ಚೆರ್ಕಳದ ಮೇಲೆ ಕಾಸರಗೋಡಿಗೆ ಬಸ್ಸಿನಲ್ಲಿ ಹೋಗಿಬರುವುದು ಅಮ್ಮನಂಥವರಿಗೆ ಸುಲಭವಲ್ಲದಿದ್ದರೂ ಅಸಾಧ್ಯವಲ್ಲ. ಈ ಒಂದು ಕಾರಣಕ್ಕೇ ಪೇಟೆಯಲ್ಲಿ ಇಂಥ ಕೇಂದ್ರವೊಂದು ಇರುವುದನ್ನು ನಾನು ದೊಡ್ಡ ಉಪಕಾರವೆಂದು ಎಣಿಸುತ್ತೇನೆ.

ಮೊದಲ ದಿನ ವ್ಯಾಯಾಮವೇನೂ ಇರಲಿಲ್ಲ. ಇಸಿಜಿ ಮಾಡಿಸಿ ತನ್ನಿ, ಹೃದಯದ ತೊಂದರೆ ಇಲ್ಲವೆಂದು ವೈದ್ಯರು ಹೇಳಿದ ಮೇಲೆಯೇ ಆರಂಭಿಸುವುದು ಎಂದರು. ಅದು ಸರಿಯಾದ ಕ್ರಮ. ಆಮೇಲೆ ಫಿಸಿಯೋಥೆರಪಿಸ್ಟ್, ಕಣ್ಣೂರಿನ ಕಡೆಯ ಒಬ್ಬ ಯುವತಿ, ಅಮ್ಮನ ಚೀಲದಿಂದ ಇನ್‌ಹೇಲರ್ ತೆಗೆಸಿ, ದಿನಾಲೂ ಹೇಗೆ ತೆಗೆದುಕೊಳ್ಳುತ್ತೀರೋ ಹಾಗೆಯೇ ತೆಗೆದುಕೊಂಡು ತೋರಿಸಿ ಎಂದರು. ಅಮ್ಮ ಬಾಯಿಗಿಟ್ಟು ಒತ್ತಿದರು. ಉಸಿರೆಳೆದದ್ದು ಒತ್ತಿ ಮುಗಿದ ಮೇಲೆ. ಮದ್ದು ಬಾಯಿಯಲ್ಲೇ ಉಳಿಯಿತು. ಮೂರು ವರ್ಷ ಅವರು ಹಾಗೆಯೇ ಮಾಡಿದ್ದರು, ನಾವ್ಯಾರೂ ನೋಡಿರಲಿಲ್ಲ, ಕೊಟ್ಟವರು ಮತ್ತೊಮ್ಮೆ ಕೇಳಿರಲಿಲ್ಲ. ಸ್ಪೇಸರ್ ಎಂಬ ಪ್ಲಾಸ್ಟಿಕ್ ಕೊಳವೆಯನ್ನು ಜೋಡಿಸಿ, ಒತ್ತಿದ ಬಳಿಕ ನಿಧಾನವಾಗಿ ಎಳೆದು, ಹತ್ತು ಎಣಿಸುವವರೆಗೆ ಹಿಡಿದು, ಮೆಲ್ಲಗೆ ಬಿಡುವುದನ್ನು ಕಲಿಸಿದರು. ಸ್ಟೀರಾಯ್ಡ್ ಇರುವ ಮದ್ದಾದ್ದರಿಂದ ಬಳಿಕ ಬಾಯಿ ಮುಕ್ಕಳಿಸಿ ಉಗುಳಬೇಕೆಂದೂ ಹೇಳಿದರು. ಶ್ವಾಸನಾಳ ಹಿಗ್ಗಿಸುವ ಮದ್ದನ್ನು ವ್ಯಾಯಾಮಕ್ಕೆ ಕಾಲು ಗಂಟೆ ಮುಂಚೆ ತೆಗೆದುಕೊಂಡರೆ ನಡಿಗೆ ಹಗುರಾಗುತ್ತದೆ ಎಂಬುದು ನಮಗೆ ಆ ದಿನವೇ ತಿಳಿದದ್ದು. ವ್ಯಾಯಾಮ ತರಬೇತಿಯ ಶುಲ್ಕದಲ್ಲಿ ಅರ್ಧ ಈ ಹದಿನೈದು ನಿಮಿಷಕ್ಕೇ ಸಂದಿತು ಎನ್ನುತ್ತೇನೆ.

ಎರಡನೆಯ ದಿನ ಆರು ನಿಮಿಷದ ನಡಿಗೆ ಪರೀಕ್ಷೆ. ಸಮತಟ್ಟಾದ ಕಾರಿಡಾರಿನಲ್ಲಿ ಆರು ನಿಮಿಷದಲ್ಲಿ ರೋಗಿಯು ತನ್ನ ಗತಿಯಲ್ಲಿ ಎಷ್ಟು ದೂರ ನಡೆಯಬಲ್ಲರು ಎಂದು ಅಳೆಯುವುದು. ನಡುವೆ ನಿಲ್ಲಬಹುದು, ಗೋಡೆಗೆ ಒರಗಬಹುದು, ಗಡಿಯಾರ ಮಾತ್ರ ನಿಲ್ಲುವುದಿಲ್ಲ. 30 ಮೀಟರ್ ಉದ್ದದ ಕಾರಿಡಾರ್ ಇರಬೇಕೆಂಬುದು ನಿಯಮ. ಇಲ್ಲಿದ್ದುದು 20 ಮೀಟರ್. ಉದ್ದ ಕಡಿಮೆಯಾದರೆ ತಿರುಗುವುದು ಹೆಚ್ಚಾಗಿ ನಡೆದ ದೂರ ಸ್ವಲ್ಪ ತಗ್ಗುತ್ತದೆ, ಆದರೆ ಕೊನೆಯ ಪರೀಕ್ಷೆಯನ್ನೂ ಇಲ್ಲಿಯೇ ಮಾಡುವುದರಿಂದ ಹೋಲಿಕೆಗೆ ತೊಡಕಾಗದು ಎಂದು ಆಕೆ ತಾನಾಗಿಯೇ ವಿವರಿಸಿದರು. ಕೇಳದೆಯೇ ತಮ್ಮ ಕೊರತೆಯನ್ನು ಹೇಳಿದ ಈ ನಡೆ ನನಗೆ ಮೆಚ್ಚುಗೆಯಾಯಿತು. ಅಮ್ಮ ಎರಡು ಕಡೆ ನಿಂತು, 198 ಮೀಟರ್ ನಡೆದರು. ಬೆರಳಿಗೆ ಸಿಕ್ಕಿಸಿದ್ದ ಆಕ್ಸಿಮೀಟರಿನಲ್ಲಿ ಆಮ್ಲಜನಕದ ಮಟ್ಟ 95ರಿಂದ 89ಕ್ಕೆ ಇಳಿದಿತ್ತು.

ಆ ಪರೀಕ್ಷೆಯ ಮುಂಚೆಯೂ ಬಳಿಕವೂ ಒಂದು ಹಲಗೆಯನ್ನು ಅಮ್ಮನ ಮುಂದೆ ಹಿಡಿದು, ದಮ್ಮು, ಎಂದರೆ ಏದುಸಿರು, ಎಷ್ಟಿದೆ ಎಂದು ಬೆರಳಿಟ್ಟು ತೋರಿಸಲು ಹೇಳಿದರು. ಅದು ಬೋರ್ಗ್ ಮಾಪಕ. ಗುನ್ನಾರ್ ಬೋರ್ಗ್ ಎಂಬ ಸ್ವೀಡನ್ನಿನ ಮನೋವಿಜ್ಞಾನಿ ರೂಪಿಸಿದ್ದು. ಸೊನ್ನೆಯೆಂದರೆ ಏದುಸಿರು ಏನೂ ಇಲ್ಲ, ಹತ್ತೆಂದರೆ ಅದಕ್ಕಿಂತ ಹೆಚ್ಚು ತಾಳಲಾಗದು. ವ್ಯಾಯಾಮದ ಹೊತ್ತಿನಲ್ಲಿ ಈ ಅಂಕೆ ನಾಲ್ಕರಿಂದ ಆರರ ನಡುವೆ ಇರಬೇಕು. ಅದಕ್ಕಿಂತ ಕಡಿಮೆಯಾದರೆ ಸ್ನಾಯುಗಳಿಗೆ ಸಾಲದು, ಹೆಚ್ಚಾದರೆ ಮುಂದುವರಿಸಲಾಗದು. ತೊಡಕಾದದ್ದು ಹಲಗೆಯ ಭಾಷೆ. ಅದರಲ್ಲಿ ಇಂಗ್ಲಿಷೂ ಮಲಯಾಳವೂ ಇತ್ತು. ಅಮ್ಮನ ಮನೆಮಾತು ತುಳು, ಓದಿದ್ದು ಐದನೆಯ ತರಗತಿಯವರೆಗೆ ಕನ್ನಡದಲ್ಲಿ. ಆಕೆ ಮಲಯಾಳದಲ್ಲಿ ಕೇಳುತ್ತಾರೆ, ಅಮ್ಮ ಏನೋ ಒಂದು ಅಂಕೆಗೆ ಬೆರಳಿಡುತ್ತಾರೆ. ಏಳು ಭಾಷೆಗಳ ಸಂಗಮಭೂಮಿ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಊರಿನಲ್ಲಿ, ಉಸಿರಿನ ತೊಂದರೆಯನ್ನು ತನ್ನ ಮಾತಿನಲ್ಲಿ ಹೇಳಲು ಒಬ್ಬ ಹೆಂಗಸಿಗೆ ಒಂದು ಹಲಗೆ ಇಲ್ಲವೆಂಬುದು ನನ್ನನ್ನು ಬಹಳ ನೋಯಿಸಿತು.

ನಾನು ಶಾಲೆಯಲ್ಲಿ ಕನ್ನಡ ಕಲಿಸುವವಳು. ಆ ರಾತ್ರಿ ಅಮ್ಮನನ್ನು ಕೂರಿಸಿಕೊಂಡು, ಯಾವ ಹೊತ್ತಿಗೆ ಹೇಗಾಗುತ್ತದೆ ಎಂದು ಕೇಳಿ ಕೇಳಿ ಒಂದು ರಟ್ಟಿನ ಮೇಲೆ ಬರೆದೆ. ಎರಡರ ಪಕ್ಕದಲ್ಲಿ 'ಭಜನೆ ಹಾಡಬಹುದು'. ನಾಲ್ಕರ ಪಕ್ಕದಲ್ಲಿ 'ಮಾತಾಡಬಹುದು, ಹಾಡಲಾಗದು'. ಆರರ ಪಕ್ಕದಲ್ಲಿ 'ಮಾತು ತುಂಡು ತುಂಡಾಗುತ್ತದೆ'. ಎಂಟರ ಪಕ್ಕದಲ್ಲಿ 'ಮಾತಾಡಿಸಬೇಡಿ'. ಹತ್ತರ ಪಕ್ಕದಲ್ಲಿ ಏನು ಬರೆಯಲಿ ಎಂದಾಗ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಮೊನ್ನೆ ರಾತ್ರಿಯ ಹಾಗೆ' ಎಂದರು. ಮರುದಿನ ಆ ರಟ್ಟನ್ನು ಕೇಂದ್ರಕ್ಕೆ ಒಯ್ದಾಗ ಆಕೆ ಅದನ್ನು ಓದಿಸಿ, ಪ್ರತಿಯೊಂದರ ಅರ್ಥವನ್ನು ಮಲಯಾಳದಲ್ಲಿ ಕೇಳಿಕೊಂಡು, ಮೂಲ ಮಾಪಕದ ಅಂಕೆಗಳಿಗೆ ಹೊಂದಿಕೆಯಾಗುತ್ತದೆಯೇ ಎಂದು ಒಂದೊಂದನ್ನೇ ತಾಳೆ ನೋಡಿದರು. ಈಗ ಅದರ ಪ್ರತಿಯನ್ನು ಲ್ಯಾಮಿನೇಟ್ ಮಾಡಿ ಗೋಡೆಗೆ ತೂಗಹಾಕಿದ್ದಾರೆ. ಸೇವೆ ಕೊಡುವವರು ಹೀಗೆ ಕಲಿಯಲು ಸಿದ್ಧರಿರುವುದು ಯಾವ ಯಂತ್ರಕ್ಕಿಂತಲೂ ಬೆಲೆಯುಳ್ಳದ್ದು. ಆದರೆ ಕಾಸರಗೋಡಿನಲ್ಲಿ ಬಾಗಿಲು ತೆರೆಯುವ ಮುನ್ನವೇ ಅವರು ಮಾಡಬೇಕಾಗಿದ್ದ ಕೆಲಸ ಇದು.

ತರಬೇತಿಯ ಹಿಂದಿನ ತರ್ಕವನ್ನು ಆಕೆ ಅಮ್ಮನಿಗೆ ಒಂದು ಕೊಡಪಾನದ ಉದಾಹರಣೆಯಿಂದ ತಿಳಿಸಿದರು. ಸಿಒಪಿಡಿಯಲ್ಲಿ ತೊಂದರೆಯಿರುವುದು ಉಸಿರು ಬಿಡುವುದರಲ್ಲಿ. ವೇಗವಾಗಿ ನಡೆದಾಗ ಹಿಂದಿನ ಉಸಿರು ಪೂರ್ತಿ ಹೊರಹೋಗುವ ಮೊದಲೇ ಮುಂದಿನ ಉಸಿರು ಎಳೆಯಬೇಕಾಗುತ್ತದೆ. ಅರ್ಧ ತುಂಬಿರುವ ಕೊಡಪಾನಕ್ಕೆ ಮತ್ತೆ ಮತ್ತೆ ನೀರು ಹೊಯ್ದಂತೆ ಎದೆ ತುಂಬಿ ತುಂಬಿ ಬಿಗಿಯುತ್ತದೆ, ಹೊಸ ಗಾಳಿಗೆ ಎಡೆಯಿರುವುದಿಲ್ಲ. ಕಾಲಿನ ಸ್ನಾಯುಗಳು ಸೊರಗಿದ್ದರೆ ಸಣ್ಣ ಕೆಲಸಕ್ಕೂ ಅವು ಬೇಗನೆ ದಣಿದು ಲ್ಯಾಕ್ಟಿಕ್ ಆಮ್ಲ ಉತ್ಪಾದಿಸುತ್ತವೆ, ಅದನ್ನು ಸರಿದೂಗಿಸಲು ದೇಹ ಇನ್ನಷ್ಟು ಉಸಿರು ಬೇಡುತ್ತದೆ, ಎದೆ ಇನ್ನಷ್ಟು ಬಿಗಿಯುತ್ತದೆ. ಭಯದಿಂದ ಕೂತರೆ ಸ್ನಾಯು ಮತ್ತೂ ಸೊರಗುತ್ತದೆ. ವ್ಯಾಯಾಮದಿಂದ ಶ್ವಾಸಕೋಶ ಹೊಸದಾಗುವುದಿಲ್ಲ, ಆದರೆ ಸ್ನಾಯು ಬಲಗೊಂಡರೆ ಅದೇ ದೂರದ ನಡಿಗೆಗೆ ಕಡಿಮೆ ಉಸಿರು ಸಾಕಾಗುತ್ತದೆ, ಉಸಿರು ನಿಧಾನವಾದರೆ ಬಿಡುವುದಕ್ಕೆ ಸಮಯ ಸಿಗುತ್ತದೆ. ಈ ಮಾತನ್ನು ಮೊದಲ ವಾರದಲ್ಲೇ, ಸುಳ್ಳು ಆಸೆ ಹುಟ್ಟಿಸದೆ, ನೇರವಾಗಿ ಹೇಳಿದ್ದು ಒಳ್ಳೆಯದಾಯಿತು. ಕೊನೆಯಲ್ಲಿ ಸ್ಪೈರೋಮೆಟ್ರಿ ಮಾಡಿದಾಗ ಅಂಕಿ 44 ಇದ್ದದ್ದು 45 ಆಗಿತ್ತು, ಎಂದರೆ ಬದಲಾಗಿರಲಿಲ್ಲ. ಮೊದಲೇ ತಿಳಿದಿದ್ದುದರಿಂದ ನಮಗೆ ನಿರಾಶೆಯಾಗಲಿಲ್ಲ.

ದಿನದ ಪಾಠ ಸುಮಾರು ಒಂದು ಗಂಟೆ. ಮೊದಲು ರಕ್ತದೊತ್ತಡ, ನಾಡಿ, ಆಮ್ಲಜನಕ ನೋಡುತ್ತಾರೆ. ಬೆಳಗ್ಗಿನ ತಂಪಿಗೆ ಬೆರಳು ತಣ್ಣಗಿದ್ದರೆ ಆಕ್ಸಿಮೀಟರ್ ತಪ್ಪು ತೋರಿಸುತ್ತದೆಂದು ಅಂಗೈ ಉಜ್ಜಿಸಿದ ಮೇಲೆಯೇ ಅಳೆಯುತ್ತಾರೆ. ಆಮೇಲೆ ಕೈಕಾಲು ಸಡಿಲಿಸುವುದು, ನಡಿಗೆ, ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು, ಒಂದು ಮೆಟ್ಟಿಲು ಹತ್ತಿ ಇಳಿಯುವುದು, ತೋಳಿಗೆ ಸಣ್ಣ ತೂಕ. ತೋಳಿನ ವ್ಯಾಯಾಮ ಏಕೆಂದು ಅಮ್ಮ ಕೇಳಿದ್ದರು. ತಲೆ ಬಾಚುವಾಗ, ಬಟ್ಟೆ ಹರವುವಾಗ, ನೀರು ಸೇದುವಾಗ ಹೆಚ್ಚು ದಮ್ಮು ಬರುತ್ತದೆಯೇ ಎಂದು ಆಕೆ ತಿರುಗಿ ಕೇಳಿದರು, ಬರುತ್ತಿತ್ತು. ಇಂಥ ರೋಗಿಗಳಲ್ಲಿ ಹೆಗಲು, ಕತ್ತಿನ ಸ್ನಾಯುಗಳೂ ಉಸಿರಾಟಕ್ಕೆ ನೆರವಾಗುತ್ತಿರುತ್ತವೆ, ಕೈ ಎತ್ತಿದಾಗ ಅವು ಕೈಯ ಕೆಲಸಕ್ಕೆ ಹೋಗುತ್ತವೆ ಎಂಬುದು ಕಾರಣ. ಕೈ ಎತ್ತುವಾಗ ಉಸಿರು ಬಿಡಬೇಕು, ಇಳಿಸುವಾಗ ಎಳೆಯಬೇಕು ಎಂಬ ಸಣ್ಣ ಪಾಠ ಅಮ್ಮನಿಗೆ ತಲೆ ಬಾಚುವುದನ್ನು ಮರಳಿ ಕೊಟ್ಟಿತು.

ತುಟಿ ಒಟ್ಟುಗೂಡಿಸಿ ಉಸಿರು ಬಿಡುವ ಕ್ರಮವನ್ನು ಕಲಿಸಿದ ರೀತಿ ನನ್ನ ನೆನಪಿನಲ್ಲಿ ಉಳಿದಿದೆ. ಒಲೆ ಊದುವ ಹಾಗೆ ಎಂದು ನಾನು ಅನುವಾದ ಮಾಡಿದೆ. ಅಮ್ಮ ಕೆನ್ನೆ ಉಬ್ಬಿಸಿ ಜೋರಾಗಿ ಊದಿದರು, ಕೂಡಲೇ ಕೆಮ್ಮು ಬಂತು. ಆಕೆ ಕೈಯಾಡಿಸಿ ಬೇಡವೆಂದು, ತಮ್ಮ ಚಹಾದ ಲೋಟವನ್ನು ಅಮ್ಮನ ಮುಂದೆ ಹಿಡಿದು, ಆವಿ ಬಾಗಬೇಕು, ಆದರೆ ಚಹಾದ ಮೇಲೆ ಅಲೆ ಏಳಬಾರದು, ಅಷ್ಟೇ ಎಂದು ಸನ್ನೆಯಲ್ಲಿ ತೋರಿಸಿದರು. ಅಮ್ಮನಿಗೆ ಒಡನೆಯೇ ತಿಳಿಯಿತು: ಮಕ್ಕಳಿಗೆ ಬಿಸಿ ಕಷಾಯ ಆರಿಸುವಷ್ಟು. ಎರಡು ಎಣಿಸುವಷ್ಟು ಮೂಗಿನಿಂದ ಎಳೆದು, ನಾಲ್ಕು ಎಣಿಸುವಷ್ಟು ತುಟಿಯಿಂದ ಬಿಡುವುದು. ಹೀಗೆ ಬಿಟ್ಟಾಗ ಶ್ವಾಸನಾಳಗಳೊಳಗೆ ಸ್ವಲ್ಪ ಒತ್ತಡ ಉಳಿದು ಅವು ಮುಚ್ಚಿಕೊಳ್ಳುವುದು ತಪ್ಪುತ್ತದೆ, ಗಾಳಿ ಹೆಚ್ಚು ಖಾಲಿಯಾಗುತ್ತದೆ.

ಮೂರನೆಯ ವಾರದಲ್ಲಿ ಟ್ರೆಡ್‌ಮಿಲ್ ಮೇಲೆ ಒಂದು ಘಟನೆ ನಡೆಯಿತು. ಆ ಕೇಂದ್ರದ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾದದ್ದು ಆ ದಿನವೇ. ನಡೆಯುತ್ತಿದ್ದ ಅಮ್ಮ ಇದ್ದಕ್ಕಿದ್ದಂತೆ ಹಿಡಿಕೆಯನ್ನು ಬಿಗಿಹಿಡಿದರು, ತುಟಿಯ ಬಣ್ಣ ಮಾಸಿತು, ಆಕ್ಸಿಮೀಟರ್ 86 ತೋರಿಸಿತು. ವ್ಯಾಯಾಮದಲ್ಲಿ 88ಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳುವುದು ಅವರ ನಿಯಮ. ನಾನು ಎದ್ದು ಓಡಿದೆ. ಆಕೆ ಅದಾಗಲೇ ಯಂತ್ರ ನಿಲ್ಲಿಸಿ, ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಮುಂದಕ್ಕೆ ಬಾಗಿಸಿ ಮೊಣಕೈಗಳನ್ನು ತೊಡೆಯ ಮೇಲೆ ಊರಿಸಿ, ತಾವು ನೆಲದ ಮೇಲೆ ಮಂಡಿಯೂರಿ ಕೂತಿದ್ದರು. ಆಮ್ಲಜನಕದ ಯಂತ್ರ ಪಕ್ಕದಲ್ಲೇ ಸಿದ್ಧವಿತ್ತು. ಗಾಬರಿಯ ಒಂದು ಮಾತೂ ಇಲ್ಲ. ರಟ್ಟನ್ನು ಮುಂದೆ ಹಿಡಿದರು, ಅಮ್ಮ ಎಂಟಕ್ಕೆ ಬೆರಳಿಟ್ಟರು. ಆಕೆ ತಮ್ಮ ತುಟಿಯಿಂದ ಉಸಿರು ಬಿಟ್ಟು ತೋರಿಸುತ್ತಾ 'ಒನ್ನ್, ರಂಡ್, ಮೂನ್ನ್, ನಾಲ್' ಎಂದು ಬೆರಳಲ್ಲಿ ಎಣಿಸತೊಡಗಿದರು. ಅಮ್ಮನ ಕಣ್ಣು ಆ ಬೆರಳುಗಳ ಮೇಲೆ ನೆಟ್ಟಿತ್ತು. ಅರ್ಧ ನಿಮಿಷದ ಬಳಿಕ ಅಮ್ಮನ ಬಾಯಿಂದ ಸಣ್ಣಗೆ 'ಒಂಜಿ, ರಡ್ಡ್' ಎಂಬುದು ಕೇಳಿಸಿತು. ಮತ್ತೆ ರಟ್ಟು ಹಿಡಿದಾಗ ಬೆರಳು ಆರಕ್ಕೆ, ಇನ್ನೊಮ್ಮೆ ಹಿಡಿದಾಗ ಮೂರಕ್ಕೆ ಇಳಿಯಿತು. ಯಂತ್ರದಲ್ಲಿ 92. ಹೆಚ್ಚೆಂದರೆ ಮೂರು ನಿಮಿಷ ಕಳೆದಿತ್ತು.

ಮನೆಯಲ್ಲಿ ಇಂಥ ಹೊತ್ತಿನಲ್ಲಿ ನಾವು ಮಾಡುತ್ತಿದ್ದುದು ಬೆನ್ನು ಉಜ್ಜುವುದು, ಬೀಸಣಿಗೆ ಬೀಸುವುದು, ನಾಲ್ಕು ಜನ ಸುತ್ತ ನಿಂತು 'ಏನಾಯಿತು, ಏನಾಯಿತು' ಎನ್ನುವುದು. ಏದುಸಿರು ಬಂದರೆ ಅದು ಹೋಗುತ್ತದೆ, ಎಂಟು ಇದ್ದದ್ದು ಮೂರಾಗುತ್ತದೆ, ಅದಕ್ಕೆ ಇಷ್ಟು ಹೊತ್ತು ಬೇಕು ಎಂಬುದನ್ನು ಅಮ್ಮ ಅಂದು ಕಣ್ಣಾರೆ ನೋಡಿದರು. ಅಂಕೆ ತಿಳಿದ ಮೇಲೆ ಅದು ಅಂಕೆಗೆ ಬಂತು. ಮಾತ್ರೆಯಿಂದಲೂ ಇನ್‌ಹೇಲರಿನಿಂದಲೂ ಆಗದಿದ್ದ ಬದಲಾವಣೆ ಇದು. ನನ್ನ ಮಟ್ಟಿಗೆ ಈ ಇಡೀ ಸೇವೆಯ ತಿರುಳು ಇಲ್ಲಿದೆ: ದಮ್ಮು ಬರುವಷ್ಟು ನಡೆಯಲು ಬಿಟ್ಟು, ಬಂದಾಗ ಪಕ್ಕದಲ್ಲಿ ಮಂಡಿಯೂರಿ ಎಣಿಸುವ ಒಬ್ಬರು ಇರುವುದು. ಮರುದಿನದಿಂದ ಎರಡು ನಿಮಿಷ ನಡಿಗೆ, ಒಂದು ನಿಮಿಷ ವಿರಾಮ ಎಂದು ಕ್ರಮ ಬದಲಾಯಿತು. ಹೀಗೆ ಬಿಟ್ಟು ಬಿಟ್ಟು ಮಾಡಿದರೂ ಎಡೆಬಿಡದೆ ಮಾಡಿದಷ್ಟೇ ಫಲ ಸಿಗುತ್ತದೆಂದು ಅವರು ಹೇಳಿದರು. ಟ್ರೆಡ್‌ಮಿಲ್‌ಗಿಂತ ಕಾರಿಡಾರಿನ ನಡಿಗೆ ಅಮ್ಮನಿಗೆ ಹೆಚ್ಚು ಒಗ್ಗಿತು. ನಮ್ಮ ಮನೆಗಳಲ್ಲಿ ಅಂಗಳ, ಜಗಲಿ ಇರುತ್ತವೆಯೇ ಹೊರತು ಓಡುವ ಪಟ್ಟಿ ಇರುವುದಿಲ್ಲ, ಆದ್ದರಿಂದ ಕೇಂದ್ರಗಳು ಯಂತ್ರಗಳಿಗೆ ಸುರಿಯುವ ಹಣದಲ್ಲಿ ಸ್ವಲ್ಪವನ್ನು ಉದ್ದದ ಕಾರಿಡಾರಿಗೆ ಹಾಕಲಿ ಎಂದು ನಾನು ಬಯಸುತ್ತೇನೆ.

ಈಗ ಕೊರತೆಗಳು. ಕೇಂದ್ರ ಇರುವುದು ಮೊದಲ ಮಹಡಿಯಲ್ಲಿ, ಮತ್ತು ನಾವು ಹೋದ ಎಂಟು ವಾರಗಳಲ್ಲಿ ಐದು ವಾರ ಲಿಫ್ಟ್ ಕೆಟ್ಟಿತ್ತು. ಉಸಿರಿನ ರೋಗಿಗಳು 22 ಮೆಟ್ಟಿಲು ಹತ್ತಿ ವ್ಯಾಯಾಮಕ್ಕೆ ಬರಬೇಕಾಗಿತ್ತು. ಅಮ್ಮ ಆರನೆಯ ವಾರದಲ್ಲಿ ನಡುವೆ ಒಮ್ಮೆ ಮಾತ್ರ ನಿಂತು ಹತ್ತಿದ್ದನ್ನು ಅಲ್ಲಿಯವರು ಪ್ರಗತಿ ಎಂದು ಸಂತೋಷಪಟ್ಟರು, ನನಗೂ ಸಂತೋಷವಾಯಿತು, ಆದರೆ ಮೊದಲ ವಾರ ಅದೇ ಮೆಟ್ಟಿಲುಗಳನ್ನು ನೋಡಿ ಕುಂಬಳೆ ಕಡೆಯ ಒಬ್ಬ ವಯಸ್ಸಾದ ಮೀನುಗಾರರು ಆಟೋ ಹತ್ತಿ ಹಿಂತಿರುಗಿದ್ದನ್ನು ನಾನು ನೋಡಿದ್ದೇನೆ. ಅವರು ಮತ್ತೆ ಬರಲಿಲ್ಲ. ಇದನ್ನು ಸಣ್ಣ ತಪ್ಪೆಂದು ಬಿಡಲಾಗದು.

ಎರಡನೆಯದು, ತೋಳು ಮತ್ತು ಕಾಲಿನ ಬಲವರ್ಧನೆಯಲ್ಲಿ ತೂಕವನ್ನು ಏರಿಸದೇ ಹೋದದ್ದು. ಎಂಟರಿಂದ ಹನ್ನೆರಡು ಬಾರಿ ಎತ್ತುವಷ್ಟರಲ್ಲಿ ಸ್ನಾಯು ದಣಿಯುವಂತಿದ್ದರೆ ಆ ತೂಕ ಸರಿ. ಸಲೀಸಾಗಿ ಎತ್ತಬಹುದಾದರೆ ಏರಿಸಬೇಕು. ಅಮ್ಮ ಮೊದಲ ದಿನ ಹಿಡಿದ ಒಂದು ಕಿಲೋ ತೂಕವನ್ನೇ ಕೊನೆಯ ದಿನವೂ ಹಿಡಿದಿದ್ದರು. ನಾಲ್ಕನೆಯ ವಾರದಲ್ಲಿಯೇ ಅದು ಅವರಿಗೆ ಹಗುರಾಗಿತ್ತು. ಕೇಳಿದಾಗ, ಅದಕ್ಕಿಂತ ಹೆಚ್ಚಿನದು ಬೇರೆಯವರ ಕೈಯಲ್ಲಿದೆ ಎಂಬ ಉತ್ತರ ಬಂತು. ಇನ್ನೊಂದು ಜೋಡಿ ತರಿಸುವುದು ದೊಡ್ಡ ಖರ್ಚಲ್ಲ. ಫಿನಾಯಿಲಿನ ಘಾಟು ಕೂಡ ಒಂದು ವಾರ ಕಾಡಿತು. ಹೇಳಿದ ಮೇಲೆ ನೆಲ ಒರೆಸುವುದನ್ನು ಸಂಜೆಗೆ ಬದಲಾಯಿಸಿದರು. ಆಹಾರದ ಕುರಿತ ತರಗತಿ ಹೆಸರಿಗೆ ಮಾತ್ರ ಇತ್ತು. ಕಾಯಿಲೆ ಉಲ್ಬಣಿಸುವ ಲಕ್ಷಣಗಳ ತರಗತಿ, ಅಂದರೆ ಕಫ ಹೆಚ್ಚಾದರೆ, ಅದರ ಬಣ್ಣ ಹಳದಿಗೋ ಹಸಿರಿಗೋ ತಿರುಗಿದರೆ, ಎಂದಿನ ಕೆಲಸಕ್ಕೆ ಎಂದಿಗಿಂತ ಹೆಚ್ಚು ದಮ್ಮು ಬಂದರೆ ಕಾಯದೆ ವೈದ್ಯರನ್ನು ಕಾಣಬೇಕು ಎಂಬುದು, ಬಹಳ ಉಪಯುಕ್ತವಾಗಿತ್ತು. ಅದೂ ಮಲಯಾಳದಲ್ಲಿ ಮಾತ್ರ. ನಾನು ಪಕ್ಕದಲ್ಲಿ ಕೂತು ಹೇಳಿಕೊಡದಿದ್ದರೆ ಅಮ್ಮನಿಗೆ ದಕ್ಕುತ್ತಿರಲಿಲ್ಲ.

ಖರ್ಚಿನ ಲೆಕ್ಕ ಹೀಗಿದೆ. ಒಂದು ಪಾಠಕ್ಕೆ 350 ರೂಪಾಯಿಯಂತೆ 24 ಪಾಠಗಳಿಗೆ 8,400, ಆರಂಭದ ಮತ್ತು ಕೊನೆಯ ಪರೀಕ್ಷೆಗೆ ತಲಾ 600, ಒಟ್ಟು 9,600 ರೂಪಾಯಿ. ಬಸ್ಸು, ಆಟೋ ಬೇರೆ. ಮೂರು ದಿನ ತಪ್ಪಿದ್ದನ್ನು ಹೆಚ್ಚು ಹಣ ಕೇಳದೆ ಒಂಬತ್ತನೆಯ ವಾರದಲ್ಲಿ ತುಂಬಿಕೊಟ್ಟರು. ನಮ್ಮ ಆರೋಗ್ಯ ವಿಮೆ ಹೊರರೋಗಿ ಚಿಕಿತ್ಸೆಯೆಂಬ ಕಾರಣಕ್ಕೆ ಒಂದು ರೂಪಾಯಿಯನ್ನೂ ಕೊಡಲಿಲ್ಲ. ಅಡಿಕೆಯ ಆದಾಯವಿರುವ ಮನೆಗೆ ಇದು ಹೊರೆಯಲ್ಲದಿರಬಹುದು. ಬೀಡಿ ಕಟ್ಟಿ ಬದುಕುವ ಮನೆಗೆ ಹೊರೆಯೇ. ಅಂಥವರು ಮೊದಲು ತಮ್ಮ ಊರಿನ ಕುಟುಂಬ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬೇಕು. ಕೇರಳದ ಆರೋಗ್ಯ ಇಲಾಖೆ ಸಿಒಪಿಡಿ ಮತ್ತು ಅಸ್ತಮಾ ರೋಗಿಗಳಿಗಾಗಿ 'ಶ್ವಾಸ್' ಎಂಬ ಹೆಸರಿನ ಚಿಕಿತ್ಸಾಲಯಗಳನ್ನು ಇಂಥ ಕೇಂದ್ರಗಳಲ್ಲಿ ನಡೆಸುತ್ತಿದೆ. ಹತ್ತಿರದ ಕೇಂದ್ರದಲ್ಲಿ ವ್ಯಾಯಾಮವನ್ನೂ ಕಲಿಸುತ್ತಾರೆಯೇ, ವಾರದ ಯಾವ ದಿನ ಎಂದು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಫಲಿತಾಂಶದ ಮಾತಿಗೆ ಬಂದರೆ, ಮಾರ್ಚ್ ತಿಂಗಳ ಕೊನೆಯ ಪರೀಕ್ಷೆಯಲ್ಲಿ ಅಮ್ಮ ಅದೇ ಕಾರಿಡಾರಿನಲ್ಲಿ ಒಮ್ಮೆ ಮಾತ್ರ ನಿಂತು 251 ಮೀಟರ್ ನಡೆದರು. 53 ಮೀಟರ್ ಹೆಚ್ಚು. ಸುಮಾರು 30 ಮೀಟರ್ ಹೆಚ್ಚಾದರೆ ಅದು ರೋಗಿಗೆ ದಿನನಿತ್ಯದ ಬದುಕಿನಲ್ಲಿ ಅನುಭವಕ್ಕೆ ಬರುವ ಸುಧಾರಣೆ ಎಂದು ಪರಿಗಣಿಸುತ್ತಾರೆ. ಇದು ಅಮ್ಮನೊಬ್ಬರ ಅದೃಷ್ಟವಲ್ಲ. ಒಂದು ಚಿಕಿತ್ಸೆಯ ಬಗ್ಗೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ, 2015ರಲ್ಲಿ ಪ್ರಕಟವಾದ ಪರಾಮರ್ಶೆ 65 ಪ್ರಯೋಗಗಳ, ಒಟ್ಟು 3,822 ಸಿಒಪಿಡಿ ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿದಾಗ, ತರಬೇತಿ ಪಡೆದವರು ಪಡೆಯದವರಿಗಿಂತ ಆರು ನಿಮಿಷದಲ್ಲಿ ಸರಾಸರಿ 44 ಮೀಟರ್‌ನಷ್ಟು ಹೆಚ್ಚು ದೂರ ನಡೆದಿದ್ದರು. ಏದುಸಿರು ಮತ್ತು ದಣಿವು ಕೂಡ ಕಡಿಮೆಯಾಗಿತ್ತು. ಅಮೆರಿಕದ ಡೆನ್ವರಿನಲ್ಲಿ ಶ್ವಾಸಕೋಶ ತಜ್ಞ ಥಾಮಸ್ ಪೆಟ್ಟಿ ಮತ್ತು ಸಂಗಡಿಗರು 1960ರ ದಶಕದಲ್ಲಿಯೇ ಇಂಥ ರೋಗಿಗಳನ್ನು ನಡೆಸತೊಡಗಿದ್ದರು. ಅರ್ಧ ಶತಮಾನ ಕಳೆದ ಮೇಲೂ ನಮ್ಮಲ್ಲಿ ವಿಶ್ರಾಂತಿ ತೆಗೆದುಕೊಳ್ಳಿ ಎಂಬ ಸಲಹೆ ಚೀಟಿಯ ಕೊನೆಯಲ್ಲಿ ಉಳಿದಿರುವುದು ನನಗೆ ಸಿಟ್ಟು ತರಿಸುತ್ತದೆ. ಆ ಮೂರು ವರ್ಷಗಳನ್ನು ಅಮ್ಮ ಮಂಚದ ಅಂಚಿನಲ್ಲಿ ಕಳೆಯಬೇಕಾಗಿರಲಿಲ್ಲ.

ನನ್ನ ಅತಿ ದೊಡ್ಡ ದೂರು ಎಂಟು ವಾರಗಳ ಬಳಿಕದ ಬಗ್ಗೆ. ಕೊನೆಯ ದಿನ ಒಂದು ಹಾಳೆಯಲ್ಲಿ ಮನೆಯ ವ್ಯಾಯಾಮಗಳನ್ನು ಅಚ್ಚು ಹಾಕಿ ಕೊಟ್ಟು, ವಾರಕ್ಕೆ ಐದು ದಿನ 20 ನಿಮಿಷ ನಡೆಯಿರಿ ಎಂದು ಹೇಳಿ ಬೀಳ್ಕೊಟ್ಟರು. ಮುಂದುವರಿಸದಿದ್ದರೆ ತರಬೇತಿಯ ಲಾಭ ಆರು ತಿಂಗಳಿಂದ ಒಂದು ವರ್ಷದೊಳಗೆ ಕರಗುತ್ತದೆ ಎಂಬುದು ಎಲ್ಲ ಕೇಂದ್ರಗಳಿಗೂ ಗೊತ್ತಿರುವ ಸಂಗತಿ. ಹಾಗಿದ್ದೂ ಫೋನು ಮಾಡಿ ವಿಚಾರಿಸುವ ಏರ್ಪಾಡಿರಲಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಅಮ್ಮ ಬೆಳಗ್ಗೆ ಅಂಗಳದಲ್ಲಿ ನಡೆದರು. ಜೂನ್‌ನಲ್ಲಿ ಮಳೆ ಹಿಡಿಯಿತು, ಅಂಗಳ ಪಾಚಿಗಟ್ಟಿತು. ಜಗಲಿಯನ್ನು ಅಳೆದು ನೋಡಿದೆ, 11 ಮೀಟರ್. ಆ ಕಡೆಯಿಂದ ಈ ಕಡೆಗೆ ನಡೆಯಿರಿ ಎಂದೆ. ನಾಲ್ಕು ದಿನ ನಡೆದು ಬೇಸರವಾಯಿತು ಎಂದರು. ಆಟಿ ತಿಂಗಳ ಮಳೆಯಲ್ಲಿ ಎರಡು ವಾರ ಶೀತ, ಕೆಮ್ಮು. ಕಫದ ಬಣ್ಣ ತಿರುಗಿದ ದಿನವೇ ವೈದ್ಯರಲ್ಲಿಗೆ ಹೋದೆವು, ಆಸ್ಪತ್ರೆಯಲ್ಲಿ ಉಳಿಯುವುದು ತಪ್ಪಿತು. ಸೆಪ್ಟೆಂಬರ್ ತಿಂಗಳಲ್ಲಿ ನಾವಾಗಿಯೇ ಹೋಗಿ ಪರೀಕ್ಷೆ ಮಾಡಿಸಿದಾಗ 226 ಮೀಟರ್. ಗಳಿಸಿದ್ದರಲ್ಲಿ ಅರ್ಧ ಹೋಗಿತ್ತು.

ಆ ಹಾಳೆಯನ್ನು ಮುಂದಿಟ್ಟು ನಾನು ಕೇಂದ್ರದವರೊಡನೆ ಬಿಚ್ಚುಮನಸ್ಸಿನಿಂದ ಮಾತಾಡಿದೆ. ತರಬೇತಿ ಮುಗಿಸಿದವರಿಗಾಗಿ ವಾರಕ್ಕೊಂದು ದಿನ ಕಡಿಮೆ ಶುಲ್ಕದ ಗುಂಪು ಪಾಠ ಇಡಿ, ಮಳೆಗಾಲಕ್ಕೆ ಒಳಾಂಗಣದ ಬೇರೆ ಕ್ರಮ ಬರೆದುಕೊಡಿ, ಕನ್ನಡದಲ್ಲಿ ಬೇಕಾದರೆ ನಾನು ಬರೆದುಕೊಡುತ್ತೇನೆ ಎಂದೆ. ಅಕ್ಟೋಬರಿನಿಂದ ಶನಿವಾರ ಬೆಳಗ್ಗೆ ಅಂಥ ಗುಂಪು ಆರಂಭವಾಗಿದೆ. ಒಂದು ದಿನಕ್ಕೆ 100 ರೂಪಾಯಿ, ಸದ್ಯಕ್ಕೆ ಏಳು ಜನ. ಕೊನೆಯಲ್ಲಿ ಎಲ್ಲರೂ ತುಟಿ ಕೂಡಿಸಿ ಉಸಿರು ಬಿಡುವಾಗ ಒಬ್ಬೊಬ್ಬರು ಒಂದೊಂದು ಭಾಷೆಯಲ್ಲಿ ಎಣಿಸುತ್ತಾರೆ. ಲಿಫ್ಟ್ ಈಗ ಸರಿಯಾಗಿದೆ, ಎರಡು ಕಿಲೋ ತೂಕದ ಜೋಡಿಯೂ ಬಂದಿದೆ. ಕುಂಬಳೆಯ ಆ ಮೀನುಗಾರರ ಫೋನ್ ಸಂಖ್ಯೆ ಮೊದಲ ದಿನದ ನೋಂದಣಿ ಪುಸ್ತಕದಲ್ಲಿ ಇರಬೇಕು, ಹುಡುಕಿ ಕರೆಯಿರಿ ಎಂದು ಹೇಳಿ ಬಂದಿದ್ದೇನೆ. ಬರುವ ಶನಿವಾರ ಹೋದಾಗ ಮತ್ತೆ ಕೇಳಲಿದ್ದೇನೆ.